ಮಾರಾಟದ ತೆರಿಗೆ: ತಿಂಗಳಿಗೊಮ್ಮೆಯೋ, ಮೂರು ತಿಂಗಳಿಗೊಮ್ಮೆಯೋ?

ವ್ಯಾಪಾರಿಗಳು ಗಿರಾಕಿಯಿಂದ ಪಡೆದ ತೆರಿಗೆಯನ್ನು ಎಷ್ಟು ದಿನಕ್ಕೊಮ್ಮೆ ಸರ್ಕಾರಕ್ಕೆ ಕಟ್ಟಬೇಕು ಎಂಬ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರ ಬರೆದವರ ಹೆಸರನ್ನೂ ಅಂಗಡಿಯ ಹೆಸರನ್ನೂ ಬಿಟ್ಟು ಊರು ಮತ್ತು ಕಸುಬನ್ನಷ್ಟೇ ಉಳಿಸಿಕೊಂಡಿದ್ದೇನೆ. ತೆರಿಗೆಯ ವಿಷಯದಲ್ಲಿ ಅದೇ ಕ್ಷೇಮ.

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿಯಿದೆ. ವರ್ಷದ ವಹಿವಾಟು ಸುಮಾರು 2 ಕೋಟಿ ರೂಪಾಯಿ. ನಮ್ಮ ಆಡಿಟರು ನನ್ನನ್ನು ಮೂರು ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಪದ್ಧತಿಗೆ ಸೇರಿಸಿರುವುದಾಗಿ ಹೇಳುತ್ತಾರೆ. ಆದರೂ ಪ್ರತಿ ತಿಂಗಳೂ ಹಣ ಕಟ್ಟಬೇಕೆಂದು ಫೋನ್ ಮಾಡುತ್ತಾರೆ. ರಿಟರ್ನ್ ಮೂರು ತಿಂಗಳಿಗೊಮ್ಮೆ ಎಂದ ಮೇಲೆ ತೆರಿಗೆಯೂ ಮೂರು ತಿಂಗಳಿಗೊಮ್ಮೆ ಅಲ್ಲವೇ?

ಉತ್ತರ: ಅಲ್ಲ. ನಿಮ್ಮ ಆಡಿಟರು ಹೇಳುತ್ತಿರುವುದು ಸರಿಯಾಗಿದೆ. 2021ರ ಜನವರಿ 1ರಿಂದ ಜಾರಿಗೆ ಬಂದ ಈ ಪದ್ಧತಿಯನ್ನು ಕ್ಯೂಆರ್‌ಎಂಪಿ ಎಂದು ಕರೆಯುತ್ತಾರೆ. ಹಿಂದಿನ ಹಣಕಾಸು ವರ್ಷದಲ್ಲಿ, ಒಂದೇ ಪ್ಯಾನ್ ಸಂಖ್ಯೆಯಡಿ ದೇಶದಾದ್ಯಂತ ನಡೆಸಿದ ಒಟ್ಟು ವಹಿವಾಟು 5 ಕೋಟಿ ರೂಪಾಯಿ ಮೀರದವರು ಇದನ್ನು ಆರಿಸಿಕೊಳ್ಳಬಹುದು. ಇದರಲ್ಲಿ ರಿಟರ್ನ್ ಮಾತ್ರ ತ್ರೈಮಾಸಿಕ. ಹಣ ಕಟ್ಟುವುದು ತಿಂಗಳು ತಿಂಗಳು. ತ್ರೈಮಾಸಿಕದ ಮೊದಲ ಎರಡು ತಿಂಗಳ ತೆರಿಗೆಯನ್ನು ಆಯಾ ತಿಂಗಳು ಮುಗಿದ ಮೇಲೆ ಮುಂದಿನ ತಿಂಗಳ 25ರೊಳಗೆ ಪಿಎಂಟಿ–06 ಚಲನ್ ಮೂಲಕ ಜಮಾ ಮಾಡಬೇಕು. ಮೂರನೆಯ ತಿಂಗಳಿನದನ್ನು, ತೆರಿಗೆಯ ಲೆಕ್ಕ ಒಪ್ಪಿಸುವ ಜಿಎಸ್‌ಟಿಆರ್–3ಬಿ ರಿಟರ್ನ್ ಜೊತೆಗೇ ತೀರಿಸಬೇಕು. ಅದರ ಕೊನೆಯ ದಿನ ಕರ್ನಾಟಕವೂ ಸೇರಿ ದಕ್ಷಿಣ ಮತ್ತು ಪಶ್ಚಿಮದ ರಾಜ್ಯಗಳಿಗೆ 22, ಉತ್ತರದ ಹಲವು ರಾಜ್ಯಗಳಿಗೆ 24. ವಹಿವಾಟು 5 ಕೋಟಿ ದಾಟಿದವರಿಗೆ ಈ ಆಯ್ಕೆಯೇ ಇಲ್ಲ. ಅವರು ಪ್ರತಿ ತಿಂಗಳ ರಿಟರ್ನನ್ನೂ ತೆರಿಗೆಯನ್ನೂ ಮುಂದಿನ ತಿಂಗಳ 20ರೊಳಗೆ ಮುಗಿಸಬೇಕು. 2005ರಿಂದ 2017ರವರೆಗಿನ ವ್ಯಾಟ್ ಕಾಲದಲ್ಲಿಯೂ ಕರ್ನಾಟಕದಲ್ಲಿ ತಿಂಗಳ ರಿಟರ್ನಿಗೆ 20ನೇ ತಾರೀಖೇ ಇದ್ದುದರಿಂದ ಹಳೆಯ ವ್ಯಾಪಾರಿಗಳಿಗೆ ಆ ದಿನಾಂಕ ಬಾಯಿಪಾಠವಾಗಿದೆ.

ಮೊದಲ ಎರಡು ತಿಂಗಳು ಎಷ್ಟು ಕಟ್ಟಬೇಕು ಎಂಬುದಕ್ಕೆ ಎರಡು ದಾರಿಗಳಿವೆ. ಒಂದು, ಹಿಂದಿನ ತ್ರೈಮಾಸಿಕದಲ್ಲಿ ನಗದಾಗಿ ಕಟ್ಟಿದ ತೆರಿಗೆಯ ಶೇ 35ರಷ್ಟನ್ನು ಲೆಕ್ಕಾಚಾರವಿಲ್ಲದೆ ಕಟ್ಟಿಬಿಡುವುದು. ಈ ಮೊತ್ತವನ್ನು ಜಿಎಸ್‌ಟಿ ಪೋರ್ಟಲ್ಲೇ ಚಲನ್‌ನಲ್ಲಿ ತುಂಬಿಕೊಡುತ್ತದೆ. ಇನ್ನೊಂದು, ಆ ತಿಂಗಳ ಮಾರಾಟ ಮತ್ತು ಖರೀದಿಯ ಲೆಕ್ಕ ಹಾಕಿ ನಿಜವಾಗಿ ಬರುವಷ್ಟನ್ನು ಕಟ್ಟುವುದು. ನಿಮ್ಮ ಅಂಗಡಿಯನ್ನೇ ತೆಗೆದುಕೊಳ್ಳೋಣ. ಜನವರಿಯಿಂದ ಮಾರ್ಚ್‌ವರೆಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ನೀವು ಮೊದಲೇ ಕೊಟ್ಟ ತೆರಿಗೆ, ಕಳೆದು ನೀವು ನಗದಾಗಿ ಕಟ್ಟಿದ್ದು 60,000 ರೂಪಾಯಿ ಎಂದಿಟ್ಟುಕೊಳ್ಳಿ. ಏಪ್ರಿಲ್ ತಿಂಗಳಿಗೆ 21,000 ರೂಪಾಯಿಯನ್ನು ಮೇ 25ರೊಳಗೆ, ಮೇ ತಿಂಗಳಿಗೆ ಮತ್ತೆ 21,000 ರೂಪಾಯಿಯನ್ನು ಜೂನ್ 25ರೊಳಗೆ ಕಟ್ಟುತ್ತೀರಿ. ಜುಲೈನಲ್ಲಿ ಪೂರ್ತಿ ಲೆಕ್ಕ ಹಾಕಿದಾಗ ಏಪ್ರಿಲ್–ಜೂನ್ ತ್ರೈಮಾಸಿಕದ ತೆರಿಗೆ 85,000 ರೂಪಾಯಿ ಎಂದು ಬಂತು. ಉಳಿದ 43,000 ರೂಪಾಯಿಯನ್ನು ಜುಲೈ 22ರೊಳಗೆ ರಿಟರ್ನ್ ಜೊತೆ ಕಟ್ಟಿದರೆ ಮುಗಿಯಿತು. ಏಪ್ರಿಲ್‌ನಲ್ಲೇ ಮಾರಾಟ ಜೋರಾಗಿತ್ತು, ಆಗಲೇ ಹೆಚ್ಚು ಕಟ್ಟಬೇಕಿತ್ತು ಎಂದು ಯಾರೂ ಬಡ್ಡಿ ಕೇಳುವುದಿಲ್ಲ. ಎರಡನೆಯ ದಾರಿ ಹಿಡಿದವರಿಗೆ ಈ ರಕ್ಷಣೆಯಿಲ್ಲ. ತಿಂಗಳ ಲೆಕ್ಕದಲ್ಲಿ ಕಡಿಮೆ ಕಟ್ಟಿದ್ದರೆ ಆ ಕೊರತೆಗೆ ಬಡ್ಡಿ ಬೀಳುತ್ತದೆ.

ಶೇ 35ರ ಕಂತನ್ನು ತಪ್ಪಿಸಿದರೂ ಬಡ್ಡಿಯುಂಟು. 21,000 ರೂಪಾಯಿಯನ್ನು 20 ದಿನ ತಡವಾಗಿ ಕಟ್ಟಿದರೆ ವಾರ್ಷಿಕ ಶೇ 18ರಂತೆ ಸುಮಾರು 207 ರೂಪಾಯಿ ಆಗುತ್ತದೆ. ಹೆದರುವ ಮೊತ್ತವೇನಲ್ಲ ಎನ್ನಬಹುದು. ಆದರೆ ಮೊದಲ ಕಂತು ತಪ್ಪಿಸಿದವರು ಎರಡನೆಯದನ್ನೂ ತಪ್ಪಿಸಿ, ಜುಲೈ 22ಕ್ಕೆ ಮೂರೂ ತಿಂಗಳ ಹಣ ಒಮ್ಮೆಗೇ ಬಂದು ಕುತ್ತಿಗೆಗೆ ಕೂತಾಗ ಕೈಸಾಲಕ್ಕೆ ಹೊರಡುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕೈಸಾಲದ ಬಡ್ಡಿ ಶೇ 18ಕ್ಕೆ ನಿಲ್ಲುವುದಿಲ್ಲ. ಆದುದರಿಂದ ನಿಮ್ಮಂಥ ಅಂಗಡಿಗೆ ತ್ರೈಮಾಸಿಕ ರಿಟರ್ನ್ ಮತ್ತು ಮಾಸಿಕ ಪಾವತಿಯ ಜೋಡಿಯೇ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ. ಕಾಗದದ ಕೆಲಸ ಕಡಿಮೆಯಾಗುತ್ತದೆ, ಹಣವೂ ಗಲ್ಲಾಪೆಟ್ಟಿಗೆಯಲ್ಲಿ ಕರಗಿಹೋಗುವ ಮೊದಲು ಕೈದಾಟುತ್ತದೆ.

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಘಟಕ ನಮ್ಮದು. ನಾವೂ ಮೂರು ತಿಂಗಳಿಗೊಮ್ಮೆಯ ಪದ್ಧತಿಗೆ ಸೇರಿದೆವು. ಈಗ ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯವರು, ‘ನಿಮ್ಮ ಬಿಲ್ ನಮ್ಮ 2ಬಿಯಲ್ಲಿ ಕಾಣುತ್ತಿಲ್ಲ, ಕಂಡ ಮೇಲೆ ಜಿಎಸ್‌ಟಿ ಮೊತ್ತ ಬಿಡುಗಡೆ ಮಾಡುತ್ತೇವೆ’ ಎಂದು ತೆರಿಗೆಯ ಭಾಗವನ್ನು ತಡೆಹಿಡಿಯುತ್ತಿದ್ದಾರೆ. ಮತ್ತೆ ತಿಂಗಳ ಪದ್ಧತಿಗೆ ಹೋಗಬೇಕೇ?

ಉತ್ತರ: ಹೋಗಲೇಬೇಕೆಂದಿಲ್ಲ. ಕಂಪನಿಯವರ ಹಟಕ್ಕೆ ಕಾನೂನಿನ ಕಾರಣವಿದೆ. ಖರೀದಿಗೆ ಕೊಟ್ಟ ತೆರಿಗೆಯನ್ನು ಕ್ರೆಡಿಟ್ ಆಗಿ ಪಡೆಯಬೇಕಾದರೆ ಆ ಬಿಲ್ ಅವರ ಜಿಎಸ್‌ಟಿಆರ್–2ಬಿಯಲ್ಲಿ, ಅಂದರೆ ಅವರಿಗೆ ಸಿಗುವ ಕ್ರೆಡಿಟ್‌ಗಳನ್ನು ಪೋರ್ಟಲ್ ತೋರಿಸುವ ಪಟ್ಟಿಯಲ್ಲಿ, ಕಾಣಿಸಿಕೊಳ್ಳಬೇಕು. ಅದು ಪ್ರತಿ ತಿಂಗಳ 14ರಂದು ತಯಾರಾಗುತ್ತದೆ. ನೀವು ಮಾರಾಟದ ಬಿಲ್‌ಗಳ ವಿವರವಾದ ಜಿಎಸ್‌ಟಿಆರ್–1ನ್ನು ತ್ರೈಮಾಸಿಕಕ್ಕೊಮ್ಮೆ ಮಾತ್ರ ಸಲ್ಲಿಸಿದರೆ ಏಪ್ರಿಲ್‌ನಲ್ಲಿ ಬರೆದ ಬಿಲ್ ಅವರಿಗೆ ಕಾಣುವುದು ಜುಲೈ ಮಧ್ಯದಲ್ಲಿ. ಅಲ್ಲಿಯವರೆಗೆ ಅವರ ಹಣ ಸಿಕ್ಕಿಕೊಂಡಿರುತ್ತದೆ, ಅವರು ನಿಮ್ಮದನ್ನು ಸಿಕ್ಕಿಸಿಡುತ್ತಾರೆ.

ಇದಕ್ಕೆ ಪರಿಹಾರವೆಂದೇ ಐಎಫ್ಎಫ್ ಎಂಬ ಸೌಲಭ್ಯವಿದೆ. ತ್ರೈಮಾಸಿಕದ ಮೊದಲ ಎರಡು ತಿಂಗಳಲ್ಲಿ, ನೋಂದಾಯಿತ ಖರೀದಿದಾರರಿಗೆ ಬರೆದ ಬಿಲ್‌ಗಳನ್ನಷ್ಟೇ ಮುಂದಿನ ತಿಂಗಳ 13ರೊಳಗೆ ಅದರಲ್ಲಿ ಏರಿಸಬಹುದು. ಮಾರನೆಯ ದಿನವೇ ಅವು ಕೊಂಡವರ 2ಬಿಯಲ್ಲಿ ಮೂಡುತ್ತವೆ. ತಿಂಗಳಿಗೆ ಒಟ್ಟು 50 ಲಕ್ಷ ರೂಪಾಯಿ ಮೌಲ್ಯದ ಮಿತಿಯಿದೆ. ಇದು ಕಡ್ಡಾಯವಲ್ಲದ್ದರಿಂದ ನಿಮ್ಮ ಲೆಕ್ಕ ಬರೆಯುವವರು ಬಿಟ್ಟಿರಬಹುದು, ಕೇಳಿ ನೋಡಿ. ಪ್ರತಿ ತಿಂಗಳೂ ಬಿಲ್‌ಗಳೆಲ್ಲ ದೊಡ್ಡ ಕಂಪನಿಗಳಿಗೇ ಹೋಗುತ್ತಿದ್ದರೆ ಮಾತ್ರ ತ್ರೈಮಾಸಿಕದಿಂದ ನಿಮಗೆ ಉಳಿಯುವ ಶ್ರಮ ಅಷ್ಟಕ್ಕಷ್ಟೆ. ಆಗ ತಿಂಗಳ ಪದ್ಧತಿಯೇ ನೆಟ್ಟಗೆ.

ಇನ್ನೊಂದು ಮಾತು. ಬಿಲ್ ಕಾಣಿಸಿದರೆ ಸಾಲದು, ನೀವು 3ಬಿ ಸಲ್ಲಿಸಿ ತೆರಿಗೆಯನ್ನೂ ಕಟ್ಟಿರಬೇಕು. ಆ ವರ್ಷದ ಬಿಲ್‌ಗಳಿಗೆ ಸಂಬಂಧಿಸಿದ 3ಬಿಯನ್ನು ನೀವು ಮುಂದಿನ ಸೆಪ್ಟೆಂಬರ್ 30ರವರೆಗೂ ಸಲ್ಲಿಸದೆ ಹೋದರೆ ಕೊಂಡವರು ತಾವು ಪಡೆದ ಕ್ರೆಡಿಟನ್ನು ನವೆಂಬರ್ 30ರೊಳಗೆ ಹಿಂದಿರುಗಿಸಬೇಕಾಗುತ್ತದೆ. ದೊಡ್ಡ ಕಂಪನಿಗಳು ಹೊಸ ಮಾರಾಟಗಾರರನ್ನು ಸೇರಿಸಿಕೊಳ್ಳುವಾಗ ಅವರ ರಿಟರ್ನ್ ಇತಿಹಾಸವನ್ನು ಪೋರ್ಟಲ್‌ನಲ್ಲಿ ತೆರೆದು ನೋಡುವುದು ಈ ಕಾರಣಕ್ಕೇ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ವಿದ್ಯುತ್ ಸಾಮಗ್ರಿಗಳ ಸಗಟು ವ್ಯಾಪಾರಿ. ಗುತ್ತಿಗೆದಾರರಿಗೆ ಉದ್ರಿ ಕೊಡದೆ ಈ ವ್ಯಾಪಾರ ನಡೆಯುವುದಿಲ್ಲ. ಹಣ ಬರುವುದು ನಾಲ್ಕೈದು ತಿಂಗಳ ಮೇಲೆ. ಸರ್ಕಾರದ ಬಿಲ್ ಆಗಿಲ್ಲವೆಂದು ಕೆಲವೊಮ್ಮೆ ಅದಕ್ಕೂ ಹೆಚ್ಚು. ಆದರೆ ಶೇ 18ರ ತೆರಿಗೆಯನ್ನು ಮುಂದಿನ ತಿಂಗಳೇ ಕಟ್ಟಬೇಕು. ಬಾರದ ಹಣಕ್ಕೆ ತೆರಿಗೆ ಕಟ್ಟಿ ಕಟ್ಟಿ ಓವರ್‌ಡ್ರಾಫ್ಟ್ ತುಂಬಿಹೋಗಿದೆ. ಹಣ ಬಂದ ಮೇಲೆ ಕಟ್ಟುವ ಅವಕಾಶ ಎಲ್ಲಿಯೂ ಇಲ್ಲವೇ?

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲೆಲ್ಲ ನಿಮ್ಮದೇ ತೂಕದ ಪ್ರಶ್ನೆ. ಎಷ್ಟು ದಿನಕ್ಕೊಮ್ಮೆ ಕಟ್ಟಬೇಕು ಎಂಬ ಬಗ್ಗೆ ವ್ಯಾಪಾರಿ ಸಂಘಗಳ ಸಭೆಗಳಲ್ಲಿ ಎಷ್ಟೋ ಚರ್ಚೆಯಾಗುತ್ತದೆ. ತಿಂಗಳ ಬದಲು ಮೂರು ತಿಂಗಳು ಮಾಡಿ, ಮೂರರ ಬದಲು ಆರು ಮಾಡಿ ಎಂಬ ಬೇಡಿಕೆಗಳೂ ಹೋಗುತ್ತವೆ. ಆದರೆ ಸಣ್ಣ ವ್ಯಾಪಾರಿಯನ್ನು ನಿಜವಾಗಿ ಹಿಂಡುವುದು ಕಂತಿನ ಅಂತರವಲ್ಲ, ತೆರಿಗೆ ಹುಟ್ಟುವ ದಿನ. ನಮ್ಮ ಕಾಯ್ದೆಯಲ್ಲಿ ಸರಕಿನ ಮೇಲಿನ ತೆರಿಗೆ ಹುಟ್ಟುವುದು ಬಿಲ್ ಬರೆದಾಗ, ಅಥವಾ ಬರೆಯಬೇಕಾಗಿದ್ದ ಕೊನೆಯ ದಿನ. ಗಿರಾಕಿ ಹಣ ಕೊಟ್ಟನೇ ಬಿಟ್ಟನೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. 10 ಲಕ್ಷ ರೂಪಾಯಿಯ ಕೇಬಲ್ಲನ್ನು ಉದ್ರಿ ಕೊಟ್ಟರೆ 1,80,000 ರೂಪಾಯಿ ತೆರಿಗೆ ನಿಮ್ಮ ತಲೆಯ ಮೇಲೆ ಅಂದೇ ಕೂರುತ್ತದೆ. ನಿಮ್ಮ ಖರೀದಿಯ ಕ್ರೆಡಿಟ್ ಅದರಲ್ಲಿ ಹೆಚ್ಚಿನ ಪಾಲನ್ನು ತೀರಿಸುತ್ತದೆ ಎನ್ನುವುದು ನಿಜ. ಆದರೆ ಆ ಕ್ರೆಡಿಟ್ ಕೂಡ ನೀವು ತಯಾರಕರಿಗೆ ಮೊದಲೇ ಕೊಟ್ಟ ಹಣವೇ ತಾನೆ?

ನೀವು ಕೇಳಿದಂಥ ಪದ್ಧತಿ ಬೇರೆಡೆ ಇದೆ. ಬ್ರಿಟನ್ನಿನಲ್ಲಿ ಸಾಮಾನ್ಯ ವ್ಯಾಟ್ ರಿಟರ್ನೇ ಮೂರು ತಿಂಗಳಿಗೊಮ್ಮೆ. ಅದರ ಮೇಲೆ, ತೆರಿಗೆಗೆ ಒಳಪಡುವ ವಹಿವಾಟು 13.5 ಲಕ್ಷ ಪೌಂಡ್ ಮೀರದ ವ್ಯಾಪಾರಿಗಳು ಹಣ ಕೈಗೆ ಬಂದ ಮೇಲಷ್ಟೇ ವ್ಯಾಟ್ ಕಟ್ಟುವ ನಗದು ಲೆಕ್ಕದ ಪದ್ಧತಿಗೆ ಸೇರಬಹುದು. ಹಾಗೆ ಸೇರಿದವರು ತಮ್ಮ ಖರೀದಿಯ ತೆರಿಗೆಯನ್ನೂ ಹಣ ಕೊಟ್ಟ ಮೇಲೆಯೇ ಕಳೆದುಕೊಳ್ಳಬೇಕು. ಇಲ್ಲಿಯೂ ಕನಿಷ್ಠ 5 ಕೋಟಿಯೊಳಗಿನವರಿಗೆ ಇಂಥದೊಂದನ್ನು ತರಬಹುದಾಗಿತ್ತು. ಕೊಂಡವನು ತಿಂಗಳೊಪ್ಪತ್ತಿನಲ್ಲೇ ಕ್ರೆಡಿಟ್ ಪಡೆದು, ಮಾರಿದವನು ಐದು ತಿಂಗಳು ಬಿಟ್ಟು ಕಟ್ಟಿದರೆ ಸರ್ಕಾರದ ಬೊಕ್ಕಸ ತೂತಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ; ಕೊಂಡವನ ಕ್ರೆಡಿಟನ್ನೂ ಹಣ ಪಾವತಿಯ ದಿನಕ್ಕೆ ಕಟ್ಟಿಹಾಕಿದರೆ ಆ ತೂತು ಮುಚ್ಚುತ್ತದೆ. ಹಾಗೆ ಮಾಡಿದ್ದರೆ ಗುತ್ತಿಗೆದಾರರಿಗೂ ಬೇಗ ಹಣ ಕೊಡುವ ಬುದ್ಧಿ ಬರುತ್ತಿತ್ತು.

ಸದ್ಯ ಇರುವ ಕಾಯ್ದೆಯಲ್ಲಿ ನಿಮಗೆ ನೆರವಾಗಬಲ್ಲ ಕೆಲವು ಸಂಗತಿಗಳಿವೆ. ಮೊದಲನೆಯದು 180 ದಿನಗಳ ನಿಯಮ. ಬಿಲ್ಲಿನ ದಿನದಿಂದ 180 ದಿನಗಳೊಳಗೆ ಮಾರಾಟಗಾರನಿಗೆ ಹಣ ಕೊಡದಿದ್ದರೆ ಕೊಂಡವನು ತಾನು ಪಡೆದ ಇನ್‌ಪುಟ್ ಕ್ರೆಡಿಟನ್ನು ಬಡ್ಡಿ ಸಮೇತ ವಾಪಸು ಕಟ್ಟಬೇಕು. ಹಣ ಕೊಟ್ಟ ಮೇಲೆ ಮತ್ತೆ ಪಡೆಯಬಹುದು. ಬಾಕಿದಾರರಿಗೆ ಐದನೆಯ ತಿಂಗಳಲ್ಲಿ ಈ ನಿಯಮವನ್ನು ನೆನಪಿಸಿ ಒಂದು ಪತ್ರ, ಬಾಕಿ ಬಿಲ್‌ಗಳ ಪಟ್ಟಿಯೊಂದಿಗೆ ಕಳಿಸಿ. ಜಗಳವಿಲ್ಲದ ಒತ್ತಡ ಅದು. ಎರಡನೆಯದು, ಸರಕಿಗೆ ಪಡೆದ ಮುಂಗಡದ ಮೇಲೆ ತೆರಿಗೆಯಿಲ್ಲ. ಬಿಲ್ ಮಾಡಿದಾಗಲೇ ಕಟ್ಟಿದರೆ ಸಾಕು. ಆದುದರಿಂದ ಇಡೀ ಬೆಲೆಯನ್ನು ಉದ್ರಿ ಬಿಡುವ ಬದಲು ಕನಿಷ್ಠ ತೆರಿಗೆಯ ಭಾಗವನ್ನಾದರೂ ಮುಂಗಡವಾಗಿ ಕೇಳಿ. ‘ಮಾಲಿನ ಹಣ ನಿಧಾನಕ್ಕೆ ಕೊಡಿ, ಜಿಎಸ್‌ಟಿ ಮಾತ್ರ ಡೆಲಿವರಿ ದಿನವೇ ಕೊಡಿ’ ಎಂಬ ಕರಾರಿನಲ್ಲಿ ಉದ್ರಿ ಕೊಡುವ ಸಗಟು ವ್ಯಾಪಾರಿಗಳು ಇದ್ದಾರೆ, ಅವರ ಗಿರಾಕಿಗಳೇನೂ ಓಡಿಹೋಗಿಲ್ಲ. ಮೂರನೆಯದು ನೀವು ನೇರವಾಗಿ ಸರ್ಕಾರಿ ಇಲಾಖೆಗೆ ಮಾಲು ಪೂರೈಸುವಾಗ ಸಂಬಂಧಿಸಿದ್ದು: ಕರಾರಿನ ಮೌಲ್ಯ 2.5 ಲಕ್ಷ ರೂಪಾಯಿ ಮೀರಿದಾಗ ಇಲಾಖೆ ಶೇ 2ರಷ್ಟನ್ನು ಟಿಡಿಎಸ್ ಎಂದು ಹಿಡಿದಿಟ್ಟುಕೊಳ್ಳುತ್ತದೆ. ಅದು ಕಳೆದುಹೋದ ಹಣವಲ್ಲ, ಪೋರ್ಟಲ್‌ನಲ್ಲಿ ತೆರಿಗೆಗೆಂದು ನಿಮ್ಮ ಹೆಸರಿನಲ್ಲಿರುವ ಖಾತೆಗೆ, ಅಂದರೆ ನಗದು ಲೆಡ್ಜರಿಗೆ, ಬಂದು ಕೂರುತ್ತದೆ. ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಳ್ಳುವ ಒಂದು ಕ್ಲಿಕ್ ಮಾಡದೆ ವರ್ಷಗಟ್ಟಲೆ ಬಿಟ್ಟವರಿದ್ದಾರೆ.

ನಿಮ್ಮ ಗಿರಾಕಿಗಳಾದ ಗುತ್ತಿಗೆದಾರರಿಗೆ ಒಂದು ಅನುಕೂಲವುಂಟು, ನಿಮಗಿಲ್ಲ. ಅವರದು ಮುಂದುವರಿಯುವ ಸೇವೆ. ಕರಾರಿನಲ್ಲಿ ಹಣ ಕೊಡುವ ದಿನ ನಿಗದಿಯಾಗಿದ್ದರೆ ಆ ದಿನ, ಯಾವುದೋ ಹಂತ ಮುಗಿದಾಗ ಎಂದಿದ್ದರೆ ಆ ಹಂತ ಮುಗಿದಾಗ, ಎರಡೂ ಇಲ್ಲದಿದ್ದರೆ ಹಣ ಬಂದಾಗ ಅವರು ಬಿಲ್ ಮಾಡಿದರೆ ಸಾಕು. ‘ನಮಗೇ ಇನ್ನೂ ತೆರಿಗೆ ಹುಟ್ಟಿಲ್ಲ, ನಿಮ್ಮದೇನು ಅವಸರ?’ ಎಂದು ಅವರು ಕೇಳುವುದು ಈ ವ್ಯತ್ಯಾಸದಿಂದ.

ಹಣ ಪೂರ್ತಿ ಮುಳುಗಿದರೆ? ಆಗಲೂ ಕಟ್ಟಿದ ತೆರಿಗೆ ವಾಪಸು ಬರುವುದಿಲ್ಲ. ಕ್ರೆಡಿಟ್ ನೋಟ್ ಬರೆದು ತೆರಿಗೆ ಕಡಿಮೆ ಮಾಡಿಕೊಳ್ಳಲು ಮಾಲು ಹಿಂದಿರುಗಿರಬೇಕು, ಮಾಲಿನಲ್ಲಿ ಕೊರತೆ ಇರಬೇಕು, ಇಲ್ಲವೇ ಬಿಲ್ಲಿನಲ್ಲಿ ಬೆಲೆ ಅಥವಾ ತೆರಿಗೆ ಹೆಚ್ಚಾಗಿ ನಮೂದಾಗಿರಬೇಕು. ಗಿರಾಕಿ ಕೈಯೆತ್ತಿದ ಎಂಬುದು ಕಾರಣವಾಗದು. ಹಾಗಾಗಿ ಉದ್ರಿ ಕೊಡುವಾಗ ಲೆಕ್ಕ ಹಾಕಬೇಕಾದದ್ದು ಮಾಲಿನ ಅಸಲನ್ನಷ್ಟೇ ಅಲ್ಲ, ಅದರ ಮೇಲಿನ ಶೇ 18ನ್ನೂ ಸೇರಿಸಿ.

ಪ್ರಶ್ನೆ: ಶಿರಸಿಯಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದೇನೆ. ಗಿರಾಕಿಗಳೆಲ್ಲ ಮನೆಮಂದಿ. ರಾಜಿ ತೆರಿಗೆಗೆ ಸೇರಿದರೆ ಮೂರು ತಿಂಗಳಿಗೊಮ್ಮೆ ಶೇ 1 ಕಟ್ಟಿದರೆ ಮುಗಿಯಿತು, ಬೇರೆ ತಲೆನೋವಿಲ್ಲ ಎಂದು ಪಕ್ಕದ ಅಂಗಡಿಯವರು ಹೇಳುತ್ತಾರೆ. ಸೇರಲೇ?

ಉತ್ತರ: ತಲೆನೋವು ಕಡಿಮೆ ಎಂಬುದು ನಿಜ. ಕಾಂಪೋಸಿಷನ್ ಎಂದೂ ಕರೆಯುವ ಈ ರಾಜಿ ತೆರಿಗೆ ಪದ್ಧತಿಗೆ ವರ್ಷಕ್ಕೆ 1.5 ಕೋಟಿ ರೂಪಾಯಿವರೆಗಿನ ವಹಿವಾಟಿನ ವ್ಯಾಪಾರಿಗಳು ಸೇರಬಹುದು. ತ್ರೈಮಾಸಿಕ ಮುಗಿದ ಮೇಲೆ ಮುಂದಿನ ತಿಂಗಳ 18ರೊಳಗೆ ಸಿಎಂಪಿ–08 ಎಂಬ ನಮೂನೆಯ ಮೂಲಕ ತೆರಿಗೆ ಕಟ್ಟಬೇಕು. ನಡುವೆ ತಿಂಗಳ ಕಂತು ಇರುವುದಿಲ್ಲ. ವರ್ಷಕ್ಕೊಮ್ಮೆ ಜಿಎಸ್‌ಟಿಆರ್–4 ಸಲ್ಲಿಸಬೇಕು. 2024–25ರ ವರ್ಷದಿಂದ ಅದರ ಕೊನೆಯ ದಿನ ಜೂನ್ 30. ನೀವು ವ್ಯಾಪಾರಿಯಾದುದರಿಂದ ತೆರಿಗೆಯುಳ್ಳ ಸರಕಿನ ಮಾರಾಟದ ಮೇಲಷ್ಟೇ ಶೇ 1. ಬಿಡಿಯಾಗಿ ತೂಗಿ ಕೊಡುವ ಅಕ್ಕಿ, ಬೇಳೆ ಇದರಿಂದ ಹೊರಗೆ. ತ್ರೈಮಾಸಿಕದಲ್ಲಿ ತೆರಿಗೆಯುಳ್ಳ ಮಾರಾಟ 9 ಲಕ್ಷವಾದರೆ 9,000 ರೂಪಾಯಿ. ಹೋಟೆಲಿನವರಿಗೆ ಶೇ 5. ಪಾನ್ ಮಸಾಲ, ತಂಬಾಕು, ಐಸ್‌ಕ್ರೀಂ ತಯಾರಕರಿಗೆ ಈ ಪದ್ಧತಿ ಇಲ್ಲ. 2022ರ ಏಪ್ರಿಲ್‌ನಿಂದ ಇಟ್ಟಿಗೆ, ಹೆಂಚು ತಯಾರಕರಿಗೂ ಇಲ್ಲ.

ಇದರ ಬೆಲೆಯೇನೆಂದರೆ, ನೀವು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಖರೀದಿಗೆ ಕೊಟ್ಟ ತೆರಿಗೆಯ ಕ್ರೆಡಿಟ್ ಪಡೆಯುವಂತಿಲ್ಲ, ಬೇರೆ ರಾಜ್ಯಕ್ಕೆ ಮಾಲು ಮಾರುವಂತಿಲ್ಲ. ನೀವು ರಾಜಿ ತೆರಿಗೆದಾರರೆಂದು ಅಂಗಡಿಯ ಮುಂದೆ ಬೋರ್ಡು ಹಾಕಬೇಕು, ಬಿಲ್ಲಿನ ತಲೆಯ ಮೇಲೂ ಬರೆಯಬೇಕು.

ಪಕ್ಕದ ಅಂಗಡಿಯವರು ಹೇಳದಿರುವ ಲೆಕ್ಕ ಇನ್ನೊಂದಿದೆ. ಶೇ 5ರ ತೆರಿಗೆಯ ಒಂದು ಸರಕನ್ನು ನೀವು 89 ರೂಪಾಯಿಗೆ ಕೊಂಡು 4.45 ರೂಪಾಯಿ ತೆರಿಗೆ ಕೊಟ್ಟಿರಿ, ತೆರಿಗೆ ಸೇರಿ 105ಕ್ಕೆ ಮಾರಿದಿರಿ ಎಂದುಕೊಳ್ಳಿ. ಸಾಮಾನ್ಯ ಪದ್ಧತಿಯಲ್ಲಿ ಗಿರಾಕಿಯಿಂದ ಪಡೆದ 5 ರೂಪಾಯಿಯಲ್ಲಿ 4.45 ಕಳೆದು 55 ಪೈಸೆ ಕಟ್ಟುತ್ತೀರಿ. ನಿಮಗೆ ಉಳಿಯುವುದು 11 ರೂಪಾಯಿ. ರಾಜಿ ತೆರಿಗೆಯಲ್ಲಿ ಖರೀದಿಯ ಅಸಲು 93.45, ಕಟ್ಟುವುದು 1.05, ಉಳಿಯುವುದು 10.50. ಅಂದರೆ ರಾಜಿಯಿಂದ 50 ಪೈಸೆ ನಷ್ಟ! ಇದೇ ಖರೀದಿ ಬೆಲೆಯ ಸರಕಿಗೆ ತೆರಿಗೆ ಶೇ 18 ಆಗಿದ್ದು 118ಕ್ಕೆ ಮಾರಿದ್ದರೆ ಫಲ ತಿರುಗುಮುರುಗಾಗುತ್ತದೆ: ಸಾಮಾನ್ಯ ಪದ್ಧತಿಯಲ್ಲಿ 11 ರೂಪಾಯಿಯೇ ಉಳಿದರೆ ರಾಜಿಯಲ್ಲಿ 11.80 ಉಳಿಯುತ್ತದೆ. ಶೇ 5ರ ಸರಕಿನಲ್ಲಿ ರಾಜಿ ತೆರಿಗೆ ಲಾಭ ತರಬೇಕಾದರೆ ತೆರಿಗೆ ಬಿಟ್ಟ ಮಾರಾಟ ಬೆಲೆಯಲ್ಲಿ ನಿಮ್ಮ ಲಾಭಾಂಶ ನೂರಕ್ಕೆ 21ಕ್ಕಿಂತ ಹೆಚ್ಚಿರಬೇಕು. ದಿನಸಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು?

2025ರ ಸೆಪ್ಟೆಂಬರ್ 22ರಂದು ದರಗಳು ಬದಲಾಗುವ ಮೊದಲು ಈ ಮಾತು ಇಷ್ಟು ಖಚಿತವಾಗಿರಲಿಲ್ಲ. ಆಗ ಸ್ನಾನದ ಸೋಪು, ಟೂತ್‌ಪೇಸ್ಟು, ಶಾಂಪೂ, ಕೂದಲೆಣ್ಣೆ, ಬಿಸ್ಕತ್ತು ಎಲ್ಲ ಶೇ 18ರಲ್ಲಿದ್ದವು, ತುಪ್ಪ ಶೇ 12ರಲ್ಲಿತ್ತು. ಈಗ ಎಲ್ಲವೂ ಶೇ 5. ದಿನಸಿ ಅಂಗಡಿಯ ಮಟ್ಟಿಗೆ ರಾಜಿ ತೆರಿಗೆಯ ಹಣದ ಲಾಭ ಅಂದಿನಿಂದ ಬಹುಮಟ್ಟಿಗೆ ಕರಗಿದೆ. ಉಳಿದಿರುವುದು ಲೆಕ್ಕ ಬರೆಯುವ ಶ್ರಮದ ಮತ್ತು ಆಡಿಟರ ಫೀಸಿನ ಉಳಿತಾಯ. ಅದು ನಿಮಗೆ ಎಷ್ಟು ಬೆಲೆಬಾಳುತ್ತದೆ ಎಂದು ನೀವೇ ತೂಗಿ ನೋಡಬೇಕು. ಸೇರುವುದಾದರೆ ಹಣಕಾಸು ವರ್ಷ ಶುರುವಾಗುವ ಮೊದಲು, ಮಾರ್ಚ್ 31ರೊಳಗೆ ಅರ್ಜಿ ಹಾಕಬೇಕು.

ಪ್ರಶ್ನೆ: ಹಾಸನದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುತ್ತೇನೆ. ಮೇ ತಿಂಗಳಲ್ಲಿ ಊಟಕ್ಕೂ ಬಿಡುವಿಲ್ಲ, ಆಷಾಢದಲ್ಲಿ ಒಂದು ಕುರ್ಚಿಯೂ ಆಚೆ ಹೋಗುವುದಿಲ್ಲ. ಕ್ಯೂಆರ್‌ಎಂಪಿಯಲ್ಲಿದ್ದೇನೆ. ಕೆಲಸವಿಲ್ಲದ ತಿಂಗಳಲ್ಲೂ ಶೇ 35 ಕಟ್ಟಬೇಕೇ?

ಉತ್ತರ: ಕಟ್ಟಬೇಡಿ. ಶೇ 35ರ ದಾರಿ ಸಮನಾಗಿ ನಡೆಯುವ ಅಂಗಡಿಗೆ ಹೇಳಿಮಾಡಿಸಿದ್ದು, ನಿಮ್ಮಂಥ ಹಂಗಾಮಿನ ಕಸುಬಿಗಲ್ಲ. ಏಪ್ರಿಲ್–ಜೂನ್‌ನಲ್ಲಿ ಮದುವೆಗಳಿಂದ ಬಂದ ದೊಡ್ಡ ತೆರಿಗೆಯ ಶೇ 35ನ್ನು ಜುಲೈ ಮತ್ತು ಆಗಸ್ಟ್ ತಿಂಗಳ ಲೆಕ್ಕಕ್ಕೆ ಕಟ್ಟುತ್ತಾ ಹೋದರೆ ಆಷಾಢದಲ್ಲಿ ಕೈ ಬರಿದಾಗುತ್ತದೆ. ಯಾವ ತಿಂಗಳು ಯಾವ ದಾರಿ ಎಂಬುದನ್ನು ಪ್ರತಿ ಸಲವೂ ನೀವೇ ಆರಿಸಬಹುದು. ಆ ತಿಂಗಳುಗಳಲ್ಲಿ ನಿಜವಾದ ಲೆಕ್ಕದ ದಾರಿ ಹಿಡಿಯಿರಿ; ತೆರಿಗೆ ಬರದಿದ್ದರೆ ಅಥವಾ ಲೆಡ್ಜರಿನಲ್ಲಿ ಸಾಕಷ್ಟು ಬಾಕಿಯಿದ್ದರೆ ಚಲನ್ನೇ ಬೇಡ. ಅಕ್ಟೋಬರ್‌ನ ನಂತರ ಮದುವೆಗಳು ಶುರುವಾಗುವ ತ್ರೈಮಾಸಿಕದಲ್ಲಿ ಮಾತ್ರ ಶೇ 35ರ ದಾರಿ ನಿಮಗೇ ಲಾಭ, ಏಕೆಂದರೆ ಹಿಂದಿನ ತ್ರೈಮಾಸಿಕದ್ದು ಸಣ್ಣ ಮೊತ್ತ.

ರಿಟರ್ನನ್ನಂತೂ ಬಿಡಬೇಡಿ. ಇಡೀ ತ್ರೈಮಾಸಿಕದಲ್ಲಿ ಮಾರಾಟ, ಖರೀದಿ, ಕ್ರೆಡಿಟ್ ಏನೂ ಇಲ್ಲದಿದ್ದರೂ ಶೂನ್ಯ ರಿಟರ್ನ್ ಸಲ್ಲಿಸಲೇಬೇಕು. ಅದನ್ನು ನೋಂದಾಯಿತ ಮೊಬೈಲ್‌ನಿಂದ 14409ಕ್ಕೆ ಎಸ್‌ಎಂಎಸ್ ಕಳಿಸಿಯೂ ಮುಗಿಸಬಹುದು. ಇದಿಷ್ಟಕ್ಕೂ ಸೋಮಾರಿತನ ಮಾಡಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ವಿಳಂಬ ಶುಲ್ಕ ಬೀಳುತ್ತದೆ.

ಪ್ರಶ್ನೆ: ಮಂಡ್ಯದಲ್ಲಿ ಟೈರ್ ಅಂಗಡಿ. ತಿಂಗಳ ರಿಟರ್ನ್ ಸಲ್ಲಿಸುವವನು, ವಹಿವಾಟು 1.5 ಕೋಟಿಯೊಳಗೆ. ಒಂದು ತಿಂಗಳ ರಿಟರ್ನ್ 40 ದಿನ ತಡವಾಯಿತು. ಹಣವನ್ನು ಮಾತ್ರ ಸಮಯಕ್ಕೆ ಸರಿಯಾಗಿ ಚಲನ್ ಮೂಲಕ ಹಾಕಿದ್ದೆ. ಬಡ್ಡಿ ಕಟ್ಟಬೇಕೇ?

ಉತ್ತರ: ಚಲನ್ ಕಟ್ಟಿದಾಗ ಹಣ ನಿಮ್ಮ ನಗದು ಲೆಡ್ಜರಿಗೆ ಹೋಗುತ್ತದೆ, ಅದು ತೆರಿಗೆಯಾಗುವುದು ರಿಟರ್ನ್ ಸಲ್ಲಿಸಿ ಅಲ್ಲಿಂದ ಕಡಿತವಾದಾಗ. ಈ ಕಾರಣಕ್ಕೆ ಹಿಂದೆ ಬಡ್ಡಿ ಕೇಳುತ್ತಿದ್ದರು. 2024ರ ಜುಲೈನ ತಿದ್ದುಪಡಿಯ ಮೇಲೆ, ಕೊನೆಯ ದಿನದೊಳಗೆ ಲೆಡ್ಜರಿನಲ್ಲಿ ಬಿದ್ದು ಅಲ್ಲೇ ಇದ್ದ ಹಣಕ್ಕೆ ಬಡ್ಡಿಯಿಲ್ಲ. ವಿಳಂಬ ಶುಲ್ಕದಿಂದ ಮಾತ್ರ ಪಾರಾಗಲಾರಿರಿ: ದಿನಕ್ಕೆ 50 ರೂಪಾಯಿಯಂತೆ 40 ದಿನಕ್ಕೆ 2,000 ರೂಪಾಯಿ. ನಿಮ್ಮ ವಹಿವಾಟಿನವರಿಗೆ ಗರಿಷ್ಠ ಮಿತಿಯೂ ಅಷ್ಟೇ.

ಹಣ ಹಾಕದೇ ಇದ್ದಿದ್ದರೂ ಬಡ್ಡಿ ಬೀಳುತ್ತಿದ್ದುದು ಕ್ರೆಡಿಟ್ ಕಳೆದು ನಗದಾಗಿ ಕಟ್ಟಬೇಕಾದ ಭಾಗಕ್ಕೆ ಮಾತ್ರ. ಒಟ್ಟು ತೆರಿಗೆ 1,20,000, ಕ್ರೆಡಿಟ್ 90,000 ಎಂದಾದರೆ 30,000 ರೂಪಾಯಿಗೆ 40 ದಿನದ ಬಡ್ಡಿ ಸುಮಾರು 592 ರೂಪಾಯಿ. ಸಣ್ಣವರ ಪಾಲಿಗೆ ಬಡ್ಡಿಗಿಂತ ಶುಲ್ಕವೇ ಭಾರ ಎಂಬುದು ಈ ವ್ಯವಸ್ಥೆಯ ಒಂದು ವಿಚಿತ್ರ. ಎರಡು ತಿಂಗಳ ರಿಟರ್ನ್ ಸತತವಾಗಿ ಬಾಕಿ ಉಳಿದರೆ ಮಾಲು ಸಾಗಿಸಲು ಬೇಕಾದ ಇ–ವೇ ಬಿಲ್ ತೆಗೆಯಲಾಗದಂತೆ ತಡೆ ಬೀಳುತ್ತದೆ. ಸತತ ಆರು ತಿಂಗಳು ಬಾಕಿಯಾದರೆ ನೋಂದಣಿಯನ್ನೇ ರದ್ದು ಮಾಡಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ಟೀ ಮತ್ತು ಕಾಂಡಿಮೆಂಟ್ಸ್ ಅಂಗಡಿ. ಜಿಎಸ್‌ಟಿ ನೋಂದಣಿ ಇಲ್ಲ. ಯುಪಿಐ ಗಲಾಟೆಯ ಮೇಲೆ ಹೆದರಿಕೆ. ನಾನೂ ಮೂರು ತಿಂಗಳಿಗೊಮ್ಮೆ ಕಟ್ಟಬೇಕೇ?

ಉತ್ತರ: ನೋಂದಣಿಯ ಅಗತ್ಯವೇ ಇಲ್ಲದವರು ಯಾವ ತಿಂಗಳೂ ಏನೂ ಕಟ್ಟಬೇಕಾಗಿಲ್ಲ. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಸೇರಿದಾಗ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು. ಕುಳಿತು ಟೀ ಕುಡಿಯುವ ವ್ಯವಸ್ಥೆಯಿದ್ದರೆ ಅದು ಸೇವೆಯೇ. ವಹಿವಾಟಿನ ಲೆಕ್ಕಕ್ಕೆ ಹಾಲಿನಂಥ ತೆರಿಗೆಯಿಲ್ಲದ ಸರಕೂ ಸೇರುತ್ತದೆ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ್ದನ್ನೇ ಮಾರುವವರಿಗೆ ಮಾತ್ರ ಎಷ್ಟೇ ವಹಿವಾಟಾದರೂ ನೋಂದಣಿ ಬೇಡ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಗಳ ಇಲಾಖೆ ಯುಪಿಐ ಮಾಹಿತಿ ಆಧರಿಸಿ ನೋಟಿಸ್ ಕೊಟ್ಟಾಗ ವ್ಯಾಪಾರಿಗಳು ಪ್ರತಿಭಟಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಾಯಿಸಿಕೊಳ್ಳಲೇಬೇಕು ಎಂದರು. ಯುಪಿಐ ಬೋರ್ಡು ತೆಗೆದು ನಗದು ಮಾತ್ರ ಎಂದು ಬರೆದರೆ ವಹಿವಾಟು ಕಡಿಮೆಯಾಗುವುದಿಲ್ಲ, ಗಿರಾಕಿಗಳು ಕಡಿಮೆಯಾಗುತ್ತಾರೆ.

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿ ಅಂಗಡಿಯಿಟ್ಟಿರುವ ನನ್ನ ಭಾವಮೈದುನ, ಅಲ್ಲಿ ಸಮಯಕ್ಕೆ ತೆರಿಗೆ ಕಟ್ಟಿದ ವ್ಯಾಪಾರಿಗೆ ಸರ್ಕಾರವೇ ಸ್ವಲ್ಪ ಹಣ ಬಿಡುತ್ತದೆ ಎನ್ನುತ್ತಾನೆ. ನಿಜವೇ? (ತುಮಕೂರಿನ ಓದುಗರು)

ಉತ್ತರ: ನಿಜ. ಟೆಕ್ಸಾಸ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಶೇ 6.25, ಸ್ಥಳೀಯ ಸಂಸ್ಥೆಗಳದ್ದು ಶೇ 2ರವರೆಗೆ. ದೊಡ್ಡವರು ತಿಂಗಳಿಗೊಮ್ಮೆ, ತ್ರೈಮಾಸಿಕಕ್ಕೆ 1,500 ಡಾಲರಿಗಿಂತ ಕಡಿಮೆ ತೆರಿಗೆ ಬರುವವರು ಮೂರು ತಿಂಗಳಿಗೊಮ್ಮೆ ಕಟ್ಟುತ್ತಾರೆ. ಕಾಕತಾಳೀಯವೆಂಬಂತೆ ಅಲ್ಲಿಯೂ 20ನೇ ತಾರೀಖೇ. ಸಮಯಕ್ಕೆ ಸಲ್ಲಿಸಿ ಕಟ್ಟಿದವರು ತೆರಿಗೆಯ ಶೇ 0.5ನ್ನು ತಾವೇ ಇಟ್ಟುಕೊಳ್ಳಬಹುದು, ಮುಂಗಡ ಕಟ್ಟಿದವರಿಗೆ ಇನ್ನೂ ಶೇ 1.25. ಸರ್ಕಾರದ ಪರವಾಗಿ ವಸೂಲಿ ಮಾಡುವವನ ಶ್ರಮಕ್ಕೆ ಕೂಲಿಯಿದು. ದಂಡದ ಪಟ್ಟಿಯನ್ನಷ್ಟೇ ಉದ್ದ ಮಾಡುತ್ತಾ ಬಂದಿರುವ ನಮ್ಮಲ್ಲಿ, 5 ಕೋಟಿಯೊಳಗಿನವರಿಗಾದರೂ ಇಂಥದೊಂದು ರಿಯಾಯಿತಿ ಇದ್ದರೆ 20ನೇ ತಾರೀಖಿನ ರಾತ್ರಿಯ ನೂಕುನುಗ್ಗಲು ಎಷ್ಟೋ ಕಡಿಮೆಯಾಗುತ್ತಿತ್ತು.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕ, ವಹಿವಾಟು 3 ಕೋಟಿ. ತಿಂಗಳ ಪದ್ಧತಿಯಿಂದ ಮೂರು ತಿಂಗಳಿನದಕ್ಕೆ ಯಾವಾಗ ಬದಲಾಗಬಹುದು?

ಉತ್ತರ: ಹಿಂದಿನ ತ್ರೈಮಾಸಿಕದ ಎರಡನೆಯ ತಿಂಗಳ ಮೊದಲ ದಿನದಿಂದ, ಬೇಕಾದ ತ್ರೈಮಾಸಿಕದ ಮೊದಲ ತಿಂಗಳ ಕೊನೆಯ ದಿನದವರೆಗೆ ಪೋರ್ಟಲ್‌ನಲ್ಲಿ ಆಯ್ಕೆ ತೆರೆದಿರುತ್ತದೆ. ಜುಲೈ–ಸೆಪ್ಟೆಂಬರ್‌ಗೆ ಬೇಕಿದ್ದರೆ ಮೇ 1ರಿಂದ ಜುಲೈ 31ರೊಳಗೆ. ಅಷ್ಟರಲ್ಲಿ ಸಲ್ಲಿಸಬೇಕಾಗಿದ್ದ ಕೊನೆಯ ರಿಟರ್ನ್ ಬಾಕಿ ಇರಬಾರದು. ಬದಲಾದ ಮೊದಲ ತ್ರೈಮಾಸಿಕದಲ್ಲಿ ನಿಮಗೆ ಶೇ 35ರ ಲೆಕ್ಕ ಅನ್ವಯಿಸುವುದಿಲ್ಲ. ಜೂನ್ ತಿಂಗಳಲ್ಲಿ ನಗದಾಗಿ ಕಟ್ಟಿದ್ದು ಎಷ್ಟೋ ಅಷ್ಟನ್ನೇ ಜುಲೈ ಮತ್ತು ಆಗಸ್ಟ್ ತಿಂಗಳುಗಳಿಗೂ ಕಟ್ಟಬೇಕು. ಜೂನ್‌ನಲ್ಲಿ ಶಾಲಾ ಸಮವಸ್ತ್ರದ ಆರ್ಡರ್‌ನಿಂದ ನಿಮ್ಮ ತೆರಿಗೆ ಏರಿದ್ದರೆ ಆ ತ್ರೈಮಾಸಿಕಕ್ಕೆ ನಿಜವಾದ ಲೆಕ್ಕದ ದಾರಿಯನ್ನೇ ಹಿಡಿಯಿರಿ. ಒಮ್ಮೆ ಆರಿಸಿದ್ದು ನೀವು ಬದಲಿಸುವವರೆಗೆ ಮುಂದುವರಿಯುತ್ತದೆ; ವರ್ಷದ ನಡುವೆ ವಹಿವಾಟು 5 ಕೋಟಿ ದಾಟಿದರೆ ಮಾತ್ರ ಮುಂದಿನ ತ್ರೈಮಾಸಿಕದಿಂದ ತಿಂಗಳ ಪದ್ಧತಿಗೆ ಮರಳಬೇಕಾಗುತ್ತದೆ.